ಏರುದಾರಿಯ ಇಕ್ಕಟ್ಟು

ಪರದೇಶದಲ್ಲಿ ಸಂಸಾರ ಹೂಡಿದವರಿಗೆ ಅಕ್ಕಿಬೇಳೆಗಳು ಎಷ್ಟು ಅವಶ್ಯವೋ ತಾಯ್ನಾಡಿನ ದನಿಯೂ ಅಷ್ಟೇ ಅವಶ್ಯ. ಅಕ್ಕಿಯ ವಿಷಯದಲ್ಲಿ ಮಸ್ಕತ್ತಿಗೂ ನಮ್ಮ ಕರಾವಳಿಗೂ ಬಲು ಹಿಂದಿನ ನಂಟು. ಹದಿನೆಂಟನೆಯ ಶತಮಾನದಲ್ಲಿಯೇ ಮಂಗಳೂರಿನ ಅಕ್ಕಿ ಹಡಗೇರಿ ಈ ಬಂದರಿಗೆ ಬರುತ್ತಿತ್ತೆಂಬುದೂ, ಟಿಪ್ಪು ಸುಲ್ತಾನನು ಇಲ್ಲಿ ತನ್ನ ವ್ಯಾಪಾರದ ಕೋಠಿಯೊಂದನ್ನು ಇರಿಸಿದ್ದನೆಂಬುದೂ ಚರಿತ್ರೆ ಬಲ್ಲವರಿಗೆ ತಿಳಿದ ಸಂಗತಿಗಳು. ದನಿಯ ಭಾಗ್ಯ ಮಾತ್ರ ಆ ಕಾಲದ ಹಡಗಿನವರಿಗೆ ಇರಲಿಲ್ಲ. ಮುಂಗಾರಿನಲ್ಲಿ ಕಡಲು ಮುಚ್ಚಿತೆಂದರೆ ಮನೆಯ ಸುದ್ದಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. 1997ರಲ್ಲಿ ಒಮಾನಿಗೆ ಇಂಟರ್ನೆಟ್ ಬಂದ ತರುವಾಯ, ಮೊದಲು ಟೆಲಿಫೋನಿನ ತಾಮ್ರದ ತಂತಿಯಲ್ಲಿಯೂ ಆಮೇಲೆ ಫೈಬರಿನ ಗಾಜಿನ ಎಳೆಯಲ್ಲಿಯೂ ಆ ಭಾಗ್ಯ ನಮ್ಮ ಮನೆಗಳನ್ನು ಹೊಕ್ಕಿತು. ಇಂದು ಅದು ಗೋಡೆಯ ಮೂಲೆಯಲ್ಲಿ ಮಿನುಗುತ್ತ ಕುಳಿತ ಸಣ್ಣದೊಂದು ರೌಟರನ್ನು ಅವಲಂಬಿಸಿಕೊಂಡಿದೆ. ಆ ರೌಟರು ಕೆಡದೆಯೂ ಕೆಟ್ಟಂತೆ ವರ್ತಿಸುವ ಸಂದರ್ಭವೊಂದುಂಟು. ಅದನ್ನು ಕುರಿತು ಬರೆಯಬೇಕೆಂಬ ಅಭಿಲಾಷೆ ನನಗೆ ಬಹುಕಾಲದಿಂದ ಇತ್ತು.

ನಾವಿರುವುದು ಬೌಷರಿನಲ್ಲಿ. ಮಸ್ಕತ್ ಗವರ್ನರೇಟಿಗೆ ಸೇರಿದ ಈ ವಿಲಾಯತ್ತು ಒಂದು ಕಡೆ ಸಮುದ್ರವನ್ನೂ ಇನ್ನೊಂದು ಕಡೆ ಬೋಳುಬೆಟ್ಟಗಳನ್ನೂ ಮುಟ್ಟಿಕೊಂಡಿದೆ. ಅಲ್ ಖುವೈರ್, ಘುಬ್ರಾ, ಅಜೈಬಾ, ಘಲಾ, ಅನ್ಸಬ್ ಮೊದಲಾದ ಬಡಾವಣೆಗಳೂ, 2001ರಲ್ಲಿ ಪ್ರಾರ್ಥನೆಗೆ ತೆರೆದ ಸುಲ್ತಾನ್ ಕಾಬೂಸ್ ಮಹಾಮಸೀದಿಯೂ, ಮರಳದಿಬ್ಬಗಳೂ, ಬಿಸಿನೀರಿನ ಊಟೆಗಳೂ, ಬೆಟ್ಟದ ಬುಡದ ಖರ್ಜೂರದ ತೋಟಗಳೂ ಇದರ ಎಲ್ಲೆಯೊಳಗೇ ಇವೆ. ಇಲ್ಲಿಯ ಕಟ್ಟಡಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಬಂದು ನೆಲೆಸಿದ ಕುಟುಂಬಗಳಿಗೆ ಕೊರತೆಯಿಲ್ಲ. ಸಂಜೆಯಾಯಿತೆಂದರೆ ಈ ಮನೆಗಳಲ್ಲಿ ನಡೆಯುವ ನಿತ್ಯವಿಧಿಯೂ ಒಂದೇ ತೆರನಾದುದು: ಬೌಷರಿನಲ್ಲಿ ಏಳು ಗಂಟೆಯಾದಾಗ ಊರಿನಲ್ಲಿ ಎಂಟೂವರೆಯಾಗಿರುವುದರಿಂದ, ಹಿರಿಯರು ಉಂಡು ಮಲಗುವುದಕ್ಕೆ ಮೊದಲೇ ಅವರನ್ನು ಮಾತಾಡಿಸಿಬಿಡಬೇಕು. ನನ್ನ ತಾಯಿ ಇರುವುದು ಕಾಸರಗೋಡಿನ ಪೆರ್ಲದ ಬಳಿ. ಈ ದೇಶದಲ್ಲಿ ಅನುಮತಿಯಿರುವ ಆ್ಯಪ್ ಒಂದರ ಮೂಲಕ ದಿನವೂ ಅವರೊಡನೆ ಮಾತು. ಆ ಅರ್ಧ ಗಂಟೆ ತಪ್ಪಿದರೆ ಅವರಿಗೂ ನಮಗೂ ದಿನ ಪೂರ್ತಿಯಾದಂತೆ ಆಗುವುದಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಕಾರ್ಯವೂ ಸಾಗಿರುತ್ತದೆ. ಅದು ಪುಸ್ತಕಗಳ ಹಂಚಿಕೆ. ಭಾರತದ ಕಾಪಿರೈಟ್ ಕಾನೂನಿನಂತೆ ಗ್ರಂಥಕರ್ತನು ತೀರಿಹೋದ ವರ್ಷ ಕಳೆದು 60 ವರ್ಷಗಳಾದ ಮೇಲೆ ಅವನ ಕೃತಿ ಸರ್ವರ ಸ್ವತ್ತಾಗುತ್ತದೆ. ನಮ್ಮ ಸೀಮೆಯವರೇ ಆದ ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ದಿವಂಗತರಾದುದರಿಂದ 2024ರ ಮೊದಲ ದಿನದಿಂದ ಅವರು ತಮ್ಮ ಬಾಳಿನಲ್ಲಿ ಪ್ರಕಟಿಸಿದ ಬರವಣಿಗೆಗಳು ಹಾಗೆ ಬಿಡುಗಡೆ ಹೊಂದಿವೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲರ ನಿಘಂಟಂತೂ ಎಂದೋ ಸಾರ್ವಜನಿಕವಾಗಿದೆ. ಇಂಥ ಹಳೆಯ ಕನ್ನಡ ಪುಸ್ತಕಗಳ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿನಲ್ಲಿ ಇರಿಸಿರುವ ಪುಣ್ಯಾತ್ಮರು ಹಲವರಿದ್ದಾರೆ. ಆ ಸಂಸ್ಥೆ 2012ರಿಂದ ತನ್ನ ಭಂಡಾರವನ್ನು ಟೊರೆಂಟ್ ರೂಪದಲ್ಲಿಯೂ ಒದಗಿಸುತ್ತ ಬಂದಿದೆ. 2001ರಲ್ಲಿ ಬ್ರಾಮ್ ಕೋಹೆನ್ ಎಂಬಾತನು ರಚಿಸಿದ ಬಿಟ್‌ಟೊರೆಂಟ್ ಪದ್ಧತಿಯ ಸೊಬಗು ಇರುವುದು ಇಲ್ಲಿ: ಒಂದು ಕಡತವನ್ನು ಸಾವಿರ ತುಣುಕುಗಳನ್ನಾಗಿ ಮಾಡಿ, ತುಣುಕನ್ನು ಪಡೆದವನು ಆ ಕ್ಷಣದಿಂದಲೇ ಅದನ್ನು ಮತ್ತೊಬ್ಬನಿಗೆ ಕೊಡುವಂತೆ ಏರ್ಪಡಿಸಿರುವುದರಿಂದ, ಅಲ್ಲಿ ಕೊಳ್ಳುವವರೆಲ್ಲರೂ ಕೊಡುವವರೂ ಆಗಿರುತ್ತಾರೆ. ಹಳೆಯ ಕನ್ನಡ ಪುಸ್ತಕವೊಂದನ್ನು ಇಳಿಸಿಕೊಂಡವರಲ್ಲಿ ಒಬ್ಬರಾದರೂ ಅದನ್ನು ತೆರೆದಿಟ್ಟಿದ್ದರೆ, ಇನ್ನೊಂದು ಖಂಡದಲ್ಲಿ ಯಾರೋ ಒಬ್ಬ ಅಪರಿಚಿತ ವಿದ್ಯಾರ್ಥಿಗೆ ಅದು ದೊರೆಯುತ್ತದೆ. ಇದನ್ನು ನಾನು ಒಂದು ಸಣ್ಣ ಸೇವೆಯೆಂದೇ ಭಾವಿಸಿದ್ದೇನೆ.

ತೊಂದರೆ ಹುಟ್ಟುತ್ತಿದ್ದುದು ಈ ಎರಡು ಕಾರ್ಯಗಳು ಒಂದೇ ವೇಳೆಗೆ ಕೂಡಿದಾಗ. ಹಂಚಿಕೆ ನಡೆಯುತ್ತಿರುವಾಗ ತಾಯಿಗೆ ಕರೆ ಮಾಡಿದರೆ "ಎಂತ ಮಗಾ, ಸ್ವರವೇ ಬರುವುದಿಲ್ಲವಲ್ಲ" ಎಂದು ಅವರು ಅಲ್ಲಿಂದ ಹೇಳುವುದು ಇಲ್ಲಿ ನಾಲ್ಕು ತುಂಡುಗಳಾಗಿ ಕೇಳಿಸುತ್ತಿತ್ತು. ಮುಖಗಳು ತೆರೆಯ ಮೇಲೆ ಸ್ತಬ್ಧವಾಗಿ, ಮಾತು ಮುಗಿದ ಮೇಲೆ ಅಧರಗಳು ಚಲಿಸುತ್ತಿದ್ದವು. ಮಗಳ ಪಾಠದ ಪುಟ ತೆರೆಯುತ್ತಿರಲಿಲ್ಲ. "ಆ ಪುಸ್ತಕವನ್ನು ಸ್ವಲ್ಪ ನಿಲ್ಲಿಸಿ, ಅತ್ತೆಯ ಮಾತು ಮುಗಿಯಲಿ" ಎಂದು ಮಡದಿ ಕೇಳಿಕೊಳ್ಳಬೇಕಾಗುತ್ತಿತ್ತು. ನಿಲ್ಲಿಸಿದರೆ ಕೆಲವು ಕ್ಷಣಗಳಲ್ಲಿ ಎಲ್ಲವೂ ತಿಳಿಯಾಗುವುದು, ಮತ್ತೆ ಆರಂಭಿಸಿದರೆ ಮತ್ತೆ ಅದೇ ಪಾಡು. ಇಂಟರ್ನೆಟ್ ಒದಗಿಸುವವರನ್ನು ವಿಚಾರಿಸಿದರೆ ದೊರೆಯುತ್ತಿದ್ದ ಸಲಹೆಯೂ ಒಂದೇ: ಇನ್ನೂ ಹೆಚ್ಚಿನ ವೇಗದ ಪ್ಲಾನಿಗೆ ಬದಲಾಯಿಸಿಕೊಳ್ಳಿರಿ. ಕಡತವನ್ನು ನಾವು ಕೊಡುತ್ತಿರುವಾಗ, ಎಂದರೆ ಏರುವ ದಾರಿಯಲ್ಲಿ ಸರಕು ಸಾಗುತ್ತಿರುವಾಗ, ಇಳಿದು ಬರಬೇಕಾದ ಪುಟ ಏತಕ್ಕಾಗಿ ತಡೆಯಬೇಕೆಂಬ ಪ್ರಶ್ನೆಗೆ ಆ ಸಲಹೆಯಲ್ಲಿ ಉತ್ತರವಿರಲಿಲ್ಲವಾದ ಕಾರಣ, ಪರೀಕ್ಷೆಯನ್ನು ಕ್ರಮವಾಗಿ ಮನೆಯಿಂದಲೇ ಆರಂಭಿಸುವುದು ಯುಕ್ತವೆನಿಸಿತು.

ಶಂಕಿತರಲ್ಲಿ ಮೊದಲಿನವರು ವೈ-ಫೈ ಮತ್ತು ಸೆಕೆ. ನೆರೆಯ ಮನೆಗಳ ವೈ-ಫೈಗಳೆಲ್ಲವೂ 2.4 ಗಿಗಾಹರ್ಟ್ಸಿನ ಅದೇ ಕಿರಿದಾದ ಪಟ್ಟಿಯಲ್ಲಿ, ಒಂದನ್ನೊಂದು ತುಳಿಯದಿರುವ ಮೂರೇ ಚಾನೆಲ್ಲುಗಳಿಗಾಗಿ ಸ್ಪರ್ಧಿಸುತ್ತವೆಯೆಂಬುದು ನಿಜ; ಕಾಂಕ್ರೀಟಿನ ಗೋಡೆಗಳು ಸಂಕೇತವನ್ನು ಕುಗ್ಗಿಸುತ್ತವೆಯೆಂಬುದೂ ನಿಜ. 2018ರ ಜೂನ್ ತಿಂಗಳಿನಲ್ಲಿ ಇದೇ ಗವರ್ನರೇಟಿನ ಕುರಿಯಾತಿನಲ್ಲಿ ಇಡೀ ಒಂದು ಹಗಲುರಾತ್ರಿ ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲವೆಂದ ಮೇಲೆ, ಮುಚ್ಚಿದ ಕಪಾಟಿನಲ್ಲಿ ಇಟ್ಟ ರೌಟರಿನ ಗತಿಯೇನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಲ್ಯಾಪ್‌ಟಾಪನ್ನು ನೇರವಾಗಿ ಕೇಬಲಿನಿಂದ ರೌಟರಿಗೆ ಜೋಡಿಸಿ, ರೌಟರನ್ನು ತಂಪಾದ ಕೋಣೆಯಲ್ಲಿ ಬಯಲಿಗೆ ಇಟ್ಟು ನೋಡಿದಾಗಲೂ ತೊಂದರೆ ಹಾಗೆಯೇ ಉಳಿದುದರಿಂದ ಇವೆರಡನ್ನೂ ಬಿಟ್ಟುಬಿಡಬಹುದಾಗಿತ್ತು.

ನಿಜವಾದ ಸಾಕ್ಷಿಯನ್ನು ನುಡಿದದ್ದು ಪಿಂಗ್. ಇದು ಒಂದು ಪುಟ್ಟ ಸಂದೇಶವನ್ನು ಕಳುಹಿ ಅದು ಮರಳಿ ಬರಲು ಹಿಡಿದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ತಿಳಿಸುವ ಸರಳ ಸಾಧನ. ಯಾವ ಕಂಪ್ಯೂಟರಿನಲ್ಲಿಯೂ ಉಚಿತವಾಗಿ ಇರತಕ್ಕದ್ದು. ಮೊದಲು ರೌಟರಿನ ವಿಳಾಸಕ್ಕೇ, ಎಂದರೆ ಸಾಮಾನ್ಯವಾಗಿ 192.168.1.1 ಎಂಬುದಕ್ಕೆ, ಕಳುಹಿದಾಗ ಹಂಚಿಕೆ ನಡೆಯಲಿ ನಡೆಯದಿರಲಿ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಆದ್ದರಿಂದ ಮನೆಯೊಳಗಿನ ದಾರಿ ನಿರ್ದೋಷಿ. ಹೊರಗಿನ ವಿಳಾಸವೊಂದಕ್ಕೆ ಕಳುಹಿದಾಗ, ಹಂಚಿಕೆ ಇಲ್ಲದಿದ್ದರೆ ಉತ್ತರ ಶೀಘ್ರವಾಗಿಯೇ ಬರುವುದು. ಹಂಚಿಕೆಯನ್ನು ಆರಂಭಿಸಿದೊಡನೆ ಆ ಅಂಕೆ ಮೆಟ್ಟಿಲೇರುತ್ತ ಸಾವಿರ ಮಿಲಿಸೆಕೆಂಡುಗಳನ್ನೂ ದಾಟಿ ಅಲ್ಲಿಯೇ ನಿಲ್ಲುವುದು. ದನಿಯ ಸಂಭಾಷಣೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡುಗಳವರೆಗೆ ಬಾಧೆಯಿಲ್ಲವೆಂದೂ 400ನ್ನು ಮೀರಿದರೆ ಸಲ್ಲದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಶಿಫಾರಸು ಮಾಡಿದೆ. ಪೆರ್ಲದೊಡನೆ ನಡೆಯುವ ಮಾತು ಏಕೆ ತುಂಡಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದು ಕಳೆದುಹೋಗುತ್ತಿರಲಿಲ್ಲ, ಎಲ್ಲಿಯೋ ಸಾಲಿನಲ್ಲಿ ನಿಂತು ಕಾಯುತ್ತಿತ್ತು.

ಈ ಸಾಲು ನಿಲ್ಲುವ ಸ್ಥಳವೇ ಬಫರ್. ಮನೆಯಿಂದ ಹೊರಡುವ ಪ್ಯಾಕೆಟ್ಟುಗಳು, ಎಂದರೆ ಮಾಹಿತಿಯ ಪುಟ್ಟ ಕಟ್ಟುಗಳು, ದಾರಿಯ ವೇಗಕ್ಕಿಂತ ಹೆಚ್ಚಾಗಿ ಬಂದಾಗ ಅವನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವುದಕ್ಕಾಗಿ, ರೌಟರನ್ನು ಹೊರಗಿನ ದಾರಿಗೆ ಜೋಡಿಸುವ ಮೋಡೆಮಿನಲ್ಲಿ ಒಂದಷ್ಟು ಸ್ಮೃತಿಕೋಶವನ್ನು ಮೀಸಲಿಟ್ಟಿರುತ್ತಾರೆ. ಸ್ಮೃತಿಕೋಶದ ಬೆಲೆ ವರ್ಷವರ್ಷಕ್ಕೂ ಇಳಿಯುತ್ತ ಬಂದುದರಿಂದ ತಯಾರಕರು, ಹೆಚ್ಚು ಇದ್ದರೆ ಒಳಿತೆಂಬ ಭಾವನೆಯಿಂದ, ಬಫರನ್ನು ಹಿಗ್ಗಿಸುತ್ತ ಹೋದರು. ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು: ಒಂದು ಮೆಗಾಬೈಟಿನ ಬಫರು ತುಂಬಿಕೊಂಡು, ಏರುವ ದಾರಿಯ ವೇಗ ಸೆಕೆಂಡಿಗೆ ಒಂದು ಮೆಗಾಬಿಟ್ ಇದ್ದರೆ, ಹೊಸದಾಗಿ ಬಂದ ಪ್ಯಾಕೆಟ್ಟು ಹೊರಬೀಳುವುದಕ್ಕೆ ಎಂಟು ಸೆಕೆಂಡುಗಳು ಬೇಕು, ವೇಗ ಹತ್ತು ಮೆಗಾಬಿಟ್ ಇದ್ದರೂ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು ಬೇಕು. ಇಳಿಯುವ ದಾರಿಯೂ ಇದರಿಂದ ಕೆಡುವುದಕ್ಕೆ ಕಾರಣ, ಬಂದ ಸರಕು ತಲಪಿತೆಂಬ ರಸೀದಿಯನ್ನು ನಮ್ಮ ಕಂಪ್ಯೂಟರು ಏರುವ ದಾರಿಯಲ್ಲಿಯೇ ಕಳುಹಬೇಕಾಗಿರುವುದು. ಆ ರಸೀದಿಗಳು ದೊಡ್ಡ ಕಡತದ ಪ್ಯಾಕೆಟ್ಟುಗಳ ಹಿಂದೆ ಸಿಕ್ಕಿಕೊಂಡರೆ, ಅಲ್ಲಿಂದ ಕಳುಹುವವನು ರಸೀದಿಗಾಗಿ ಕಾಯುತ್ತ ಸುಮ್ಮನಿರುತ್ತಾನೆ. ನಮ್ಮ ಮಗಳ ಪಾಠದ ಪುಟ ನಿಂತದ್ದು ಹೀಗೆ.

ಇದೆಲ್ಲಕ್ಕೂ ಒಂದು ಪೂರ್ವಕಥೆಯುಂಟು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಕೇವಲ 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್ಟುಗಳನ್ನು ಸಾಗಿಸುತ್ತಿದ್ದ ಸಂಪರ್ಕ ದಟ್ಟಣೆಯಿಂದ ಕುಸಿದು 40 ಬಿಟ್ಟಿಗೆ ಇಳಿಯಿತು. ಅದನ್ನು ಕಂಡು ಚಿಂತಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪರಿಹಾರವನ್ನು ನಿರೂಪಿಸಿದನು: ದಾರಿಯಲ್ಲಿ ಪ್ಯಾಕೆಟ್ಟೊಂದು ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳುಹುವವನು ತಾನಾಗಿಯೇ ವೇಗವನ್ನು ತಗ್ಗಿಸಬೇಕು. ಇಡೀ ಇಂಟರ್ನೆಟ್ಟು ಇಂದಿಗೂ ಉಸಿರಾಡುತ್ತಿರುವುದು ಈ ಸಂಯಮದ ಬಲದಿಂದ ಎಂದರೆ ಅತಿಶಯೋಕ್ತಿಯಾಗದು. ಆದರೆ ಹಿಗ್ಗಿದ ಬಫರುಗಳು ಏನನ್ನೂ ಕಳೆಯದೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಸೂಚನೆ ಕಳುಹುವವನಿಗೆ ಸಕಾಲದಲ್ಲಿ ಮುಟ್ಟುವುದೇ ಇಲ್ಲ. ಅವನು ದಾರಿ ಸರಾಗವಾಗಿದೆಯೆಂದು ಬಗೆದು ಮತ್ತಷ್ಟು ತುಂಬುತ್ತಾನೆ.

2010ರಲ್ಲಿ ಇದನ್ನು ಮತ್ತೆ ಕಂಡುಹಿಡಿದವನು ಬೆಲ್ ಲ್ಯಾಬ್ಸಿನ ಜಿಮ್ ಗೆಟಿಸ್. ಕಂಡುಹಿಡಿದದ್ದು ಪ್ರಯೋಗಶಾಲೆಯಲ್ಲಿ ಅಲ್ಲ, ತನ್ನ ಮನೆಯಲ್ಲಿ. ಎಕ್ಸ್ ವಿಂಡೋ ತಂತ್ರಾಂಶದ ನಿರ್ಮಾತೃಗಳಲ್ಲಿ ಒಬ್ಬನಾದ ಆತ ಅದರ ಹಳೆಯ ದಾಖಲೆಗಳ ಸಂಗ್ರಹವನ್ನು ಮನೆಯಿಂದ ಎಂಐಟಿಗೆ ಕಳುಹುತ್ತಿದ್ದಾಗ ಮನೆಯ ಸಂಪರ್ಕವೆಲ್ಲ ತೆವಳತೊಡಗಿತು. ಅಳೆದು ನೋಡಿದರೆ ವಿಳಂಬ ಸೆಕೆಂಡಿಗೂ ಮಿಕ್ಕಿ ಇತ್ತು. ಸಣ್ಣದೆಂದು ಬಿಟ್ಟುಬಿಡಬಹುದಾದ ಈ ಗೃಹಬಾಧೆಯನ್ನು ಆತ ಬಿಡದೆ ಬೆನ್ನಟ್ಟಿ, ಇದು ಒಂದು ಮನೆಯ ಕಥೆಯಾಗಿರದೆ ಎಲ್ಲೆಡೆಯ ವ್ಯಾಧಿಯೆಂದು ತೋರಿಸಿ ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟನು. ದಾಖಲೆಗಳನ್ನು ಉಳಿಸಲು ಹೊರಟವನ ಕೈಯಲ್ಲಿ ಇಂಥ ಶೋಧ ಆದದ್ದು ನನಗೆ ವಿಶೇಷ ಸಂತೋಷವನ್ನು ಕೊಡುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಸೇರಿ ಕೋಡೆಲ್ ಎಂಬ ಕ್ರಮವನ್ನು ರೂಪಿಸಿದರು. ಸಾಲು ಎಷ್ಟು ಉದ್ದವಾಗಿದೆಯೆಂದು ಅದು ಎಣಿಸುವುದಿಲ್ಲ. ಪ್ಯಾಕೆಟ್ಟು ಎಷ್ಟು ಹೊತ್ತು ಕಾಯಿತೆಂದು ನೋಡುತ್ತದೆ. ಆ ಕಾಯುವಿಕೆ 100 ಮಿಲಿಸೆಕೆಂಡುಗಳ ಅವಧಿಯುದ್ದಕ್ಕೂ 5 ಮಿಲಿಸೆಕೆಂಡನ್ನು ಮೀರಿಯೇ ಇದ್ದರೆ, ಒಂದು ಪ್ಯಾಕೆಟ್ಟನ್ನು ಬೇಕೆಂದೇ ಕೈಬಿಟ್ಟು ಕಳುಹುವವನಿಗೆ ಎಚ್ಚರಿಕೆ ಮುಟ್ಟಿಸುತ್ತದೆ. ಮುಂದೆ ಇದರ ಸಂಗಡ ಪ್ರತಿಯೊಂದು ಸಂಭಾಷಣೆಗೂ ಬೇರೆಬೇರೆ ಸಾಲನ್ನು ಕೊಟ್ಟು ಸರದಿಯಂತೆ ಬಿಡುವ ವ್ಯವಸ್ಥೆಯೂ ಕೂಡಿಕೊಂಡಿತು.

ಈ ಸರದಿಯ ವ್ಯವಸ್ಥೆಯನ್ನು ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಒಮಾನಿನ ಫಲಜ್. ನಮ್ಮ ಗಡಿನಾಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳನ್ನು ಕಂಡು ಬೆಳೆದವರಿಗೆ ಬೆಟ್ಟದ ಒಡಲಿನಿಂದ ತೋಟದವರೆಗೆ ನೀರನ್ನು ನಡೆಸಿ ತರುವ ಈ ಕಾಲುವೆಗಳಲ್ಲಿ ಏನೋ ಆಪ್ತತೆ ಕಾಣುತ್ತದೆ. ಇಂಥ ಮೂರು ಸಾವಿರದಷ್ಟು ಫಲಜ್‌ಗಳು ಈ ದೇಶದಲ್ಲಿ ಇನ್ನೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೀರು ಊರನ್ನು ಹೊಕ್ಕೊಡನೆ ಮೊದಲ ಸ್ಥಳದಲ್ಲಿ ಅದು ಕುಡಿಯುವುದಕ್ಕೆ ಮೀಸಲು. ದಾರಿಹೋಕನೂ ಅಲ್ಲಿ ತುಂಬಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಆಮೇಲೆ ಮಸೀದಿ, ಸ್ನಾನಗೃಹಗಳು. ಅವೆಲ್ಲ ಆದ ಮೇಲೆ ತೋಟಗಳು. ತೋಟಗಳಿಗೆ ನೀರನ್ನು ಅಳೆಯುವುದು ಕಾಲದಿಂದ. ಸುಮಾರು ಅರ್ಧ ಗಂಟೆಗೆ ಒಂದು ಅಥರ್ ಎಂಬ ಲೆಕ್ಕ. ಹಗಲಿನಲ್ಲಿ ನೆಟ್ಟ ಕಂಬದ ನೆರಳನ್ನೂ ಇರುಳಿನಲ್ಲಿ ನಕ್ಷತ್ರಗಳ ಉದಯವನ್ನೂ ನೋಡಿ ಊರವರು ಸರದಿಯನ್ನು ನಿಶ್ಚಯಿಸುತ್ತಿದ್ದರು. ವಿಸ್ತಾರವಾದ ಖರ್ಜೂರದ ತೋಟವುಳ್ಳವನೂ ತನ್ನ ಅಥರ್ ಮುಗಿದರೆ ಮಡೆಯನ್ನು ಕಟ್ಟಬೇಕು. ಒಂದು ಕೊಡ ನೀರು ಬೇಕಾದವಳು ಅವನ ಸರದಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಹೊಸ ರೌಟರುಗಳ ಸರದಿಯೂ ಇದೇ ನ್ಯಾಯವನ್ನು ಅನುಸರಿಸುತ್ತದೆ: ತೆಳುವಾಗಿ ಹರಿಯುವ ದನಿಯ ಪ್ಯಾಕೆಟ್ಟನ್ನು ಮುಂದಕ್ಕೆ ಬಿಟ್ಟು, ಪುಸ್ತಕದಂಥ ದೊಡ್ಡ ಪ್ರವಾಹಗಳನ್ನು ಉಳಿದ ಅವಕಾಶದಲ್ಲಿ ಸಮಸಮವಾಗಿ ಸಾಗಿಸುತ್ತದೆ.

ಇನ್ನು ಮನೆಯಲ್ಲಿ ಮಾಡಬೇಕಾದುದೇನೆಂಬ ವಿಚಾರ. ಯಾವ ಹಂಚಿಕೆಯೂ ನಡೆಯದ ಹೊತ್ತಿನಲ್ಲಿ ಏರುವ ದಾರಿಯ ವೇಗವನ್ನು ಅಳೆದುಕೊಂಡು, ಅದರ ಐದರಲ್ಲಿ ನಾಲ್ಕು ಪಾಲನ್ನು ಮೀರದಂತೆ ಟೊರೆಂಟ್ ತಂತ್ರಾಂಶದ ಅಪ್‌ಲೋಡಿಗೆ ಮಿತಿ ಹಾಕಬೇಕು. ಅಷ್ಟರಿಂದಲೇ ನಮ್ಮ ಮನೆಯ ಕರೆಗಳು ಬಹುಮಟ್ಟಿಗೆ ಸರಿಹೋದವು. ಆ ಐದನೆಯ ಪಾಲನ್ನು ಬಿಟ್ಟುಕೊಟ್ಟದ್ದರಿಂದ ಬಫರು ತುಂಬುವುದೇ ಇಲ್ಲ; ರಸೀದಿಗಳು ತಡೆಯಿಲ್ಲದೆ ಹೋಗುತ್ತವೆ. ಮನೆಯಲ್ಲಿ ಕಂಪ್ಯೂಟರುಗಳು ಹಲವಾಗಿ, ಫೋನುಗಳು ತಾವಾಗಿಯೇ ಫೋಟೋಗಳನ್ನು ಮೇಲೇರಿಸುತ್ತಿದ್ದರೆ, ಒಂದು ತಂತ್ರಾಂಶದ ಮಿತಿ ಸಾಲದು. ಆಗ ರೌಟರಿನಲ್ಲಿಯೇ ಈ ಸರದಿಯನ್ನು ನಡೆಸುವ ಎಸ್‌ಕ್ಯೂಎಂ ಎಂಬ ಏರ್ಪಾಡು ಇದೆಯೇ ಎಂದು ನೋಡಬೇಕು. 2004ರಿಂದ ಬೆಳೆದು ಬಂದಿರುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಒಪ್ಪುವ ರೌಟರುಗಳಲ್ಲಿ ಅದು ದೊರೆಯುತ್ತದೆ. ಅಲ್ಲಿ ದಾರಿಯ ನಿಜವಾದ ವೇಗಕ್ಕಿಂತ ತುಸು ಕಡಿಮೆಯ ಅಂಕೆಯನ್ನು ಬರೆಯುವುದರ ರಹಸ್ಯವನ್ನು ತಿಳಿದಿರುವುದು ಒಳ್ಳೆಯದು: ಹಾಗೆ ಬರೆದಾಗ ಸಾಲು ನಿಲ್ಲುವುದು ಮುಂದಿನ ಮೋಡೆಮಿನ ಕುರುಡು ಬಫರಿನಲ್ಲಿ ಅಲ್ಲ, ಸರದಿಯನ್ನು ಬಲ್ಲ ನಮ್ಮ ರೌಟರಿನಲ್ಲಿ, ಸಾಲು ಯಾರ ವಶದಲ್ಲಿದೆಯೋ ನ್ಯಾಯವೂ ಅವರ ವಶದಲ್ಲಿ ಇರುತ್ತದೆ.

ಇದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ವ್ಯಾಧಿಯುಂಟು, ಲಕ್ಷಣ ಬೇರೆ. ಮನೆಯೊಳಗಿನ ಎಲ್ಲ ಸಾಧನಗಳೂ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುವುದರಿಂದ, ಯಾರು ಯಾರೊಡನೆ ಮಾತಾಡುತ್ತಿದ್ದಾರೆಂಬ ಪಟ್ಟಿಯನ್ನು ರೌಟರು ಬರೆದಿಟ್ಟುಕೊಂಡಿರುತ್ತದೆ. ಟೊರೆಂಟು ನೂರಾರು ಮಂದಿಯೊಡನೆ ಏಕಕಾಲಕ್ಕೆ ವ್ಯವಹರಿಸುವುದರಿಂದ, ಅಗ್ಗದ ರೌಟರುಗಳಲ್ಲಿ ಈ ಪಟ್ಟಿ ತುಂಬಿಬಿಡುತ್ತದೆ. ಆಗ ನಡೆಯುತ್ತಿದ್ದ ಹಂಚಿಕೆ ನಡೆದೇ ಇರುತ್ತದೆ, ಹೊಸ ಪುಟ ಮಾತ್ರ ತೆರೆಯುವುದಿಲ್ಲ. ರೌಟರನ್ನು ಆರಿಸಿ ಹೊತ್ತಿಸಿದರೆ ಪಟ್ಟಿ ಅಳಿಸಿಹೋಗಿ ಸ್ವಲ್ಪ ಹೊತ್ತು ನೆಮ್ಮದಿಯೆನಿಸುವುದೂ ಈ ಕಾರಣದಿಂದಲೇ. ಸಂಪರ್ಕಗಳ ಒಟ್ಟು ಸಂಖ್ಯೆಯನ್ನು ನೂರು ಇನ್ನೂರಕ್ಕೆ ಮಿತಗೊಳಿಸಿದರೆ ಈ ಬಾಧೆ ತಪ್ಪುತ್ತದೆ, ಹಂಚಿಕೆಗೆ ಹೇಳಿಕೊಳ್ಳುವಂಥ ನಷ್ಟವೂ ಆಗುವುದಿಲ್ಲ.

ಹೆಚ್ಚು ವೇಗದ ಪ್ಲಾನನ್ನು ಕೊಂಡರೆ ಎಲ್ಲವೂ ಪರಿಹಾರವಾಗುವುದೆಂಬ ಮಾತಿಗೆ ನನ್ನ ಸಮ್ಮತಿಯಿಲ್ಲ. ಹತ್ತು ಪಾಲು ಅಗಲವಾದ ದಾರಿಯನ್ನೂ ಟೊರೆಂಟು ತುಂಬಬಲ್ಲದು. ಸರದಿಯಿಲ್ಲದಿದ್ದರೆ ಅಲ್ಲಿಯೂ ದನಿ ಸಾಲಿನ ತುದಿಯಲ್ಲಿಯೇ ನಿಲ್ಲುತ್ತದೆ. ತಿಂಗಳ ಸಂಬಳದಲ್ಲಿ ಉಳಿಸಿ ಊರಿಗೆ ಕಳುಹಬೇಕಾದವರು, ಒಂದು ಅಂಕೆಯನ್ನು ತಿದ್ದಿದರೆ ಹೋಗುವ ತೊಂದರೆಗೆ, ಪ್ರತಿ ತಿಂಗಳೂ ಅಧಿಕ ರಿಯಾಲುಗಳನ್ನು ತೆರಬೇಕಾಗಿ ಬರುವುದು ನನಗೆ ಅನ್ಯಾಯವಾಗಿ ತೋರುತ್ತದೆ. ಹಂಚಿಕೆಯನ್ನೇ ನಿಲ್ಲಿಸಿಬಿಡಿ ಎನ್ನುವ ಇನ್ನೊಂದು ಸಲಹೆಯೂ ಅಷ್ಟೇ ಅಸಮಂಜಸ. ಗೋವಿಂದ ಪೈಗಳ ಪುಸ್ತಕವೂ ತಾಯಿಯ ಮಾತೂ ಒಂದೇ ಎಳೆಯಲ್ಲಿ ಹೋಗಿಬರಲು ಅವಕಾಶವಿರುವಾಗ ಎರಡರಲ್ಲಿ ಒಂದನ್ನು ಬಿಡಬೇಕಾದ ನಿರ್ಬಂಧವೇನೂ ಇಲ್ಲ.

ಆದುದರಿಂದ ಗಲ್ಫಿನಲ್ಲಾಗಲಿ ಊರಿನಲ್ಲಾಗಲಿ ಈ ಬಗೆಯ ತೊಂದರೆಯನ್ನು ಅನುಭವಿಸುತ್ತಿರುವ ಓದುಗರಲ್ಲಿ ನನ್ನ ವಿನಂತಿಯಿಷ್ಟು: ಹೊಸ ರೌಟರಿಗೂ ಹೊಸ ಪ್ಲಾನಿಗೂ ಹಣ ತೆರುವ ಮೊದಲು, ಹಂಚಿಕೆ ನಡೆಯುತ್ತಿರುವಾಗಲೊಮ್ಮೆ ನಿಂತಿರುವಾಗಲೊಮ್ಮೆ ಪಿಂಗ್ ಮಾಡಿ ನೋಡಿರಿ; ಎರಡಕ್ಕೂ ಅಜಗಜಾಂತರವಿದ್ದರೆ ಅಪ್‌ಲೋಡಿಗೆ ಮಿತಿ ಹಾಕಿರಿ. ಕಿಟೆಲರ ನಿಘಂಟನ್ನೋ ಇನ್ನಾವುದಾದರೂ ಹಳೆಯ ಕನ್ನಡ ಗ್ರಂಥವನ್ನೋ ಟೊರೆಂಟಿನಿಂದ ಇಳಿಸಿಕೊಂಡವರು ಇಳಿದೊಡನೆ ಅದನ್ನು ಮುಚ್ಚಿಬಿಡದೆ, ಆ ಮಿತಿಯೊಳಗೆಯೇ, ಮನೆಯವರೆಲ್ಲ ಮಲಗಿದ ಮೇಲಿನ ಹೊತ್ತಿನಲ್ಲಾದರೂ, ಇತರರಿಗಾಗಿ ತೆರೆದಿಡಿರಿ.